ಊಟಕ್ಕೆ ಬತ್ತೀವಿ, ಪೂಜೆಗಿಲ್ಲ

ಎಫೆಸ ಅಂದರೆ ಅರ್ತೆಮಿ ದೇವಿಯ ಊರು. ಯೇಸುವಿನ ಅಪೊಸ್ತಲ ಪೌಲ ಅಲ್ಲಿ ಎರಡು ವರ್ಷಕ್ಕೂ ಮಿಕ್ಕಿ ಇದ್ದು, ಕೈಯಿಂದ ಮಾಡಿದ್ದು ದೇವರಲ್ಲ ಅಂತ ಬಾಯಿಬಿಟ್ಟೇ ಬೋಧಿಸಿದ. ಬೆಳ್ಳಿಯಲ್ಲಿ ದೇವಿಯ ಪುಟ್ಟ ಗುಡಿ ಮಾಡಿ ಮಾರುತ್ತಿದ್ದವರಿಗೆ ಹೊಟ್ಟೆಪಾಡಿನ ಭಯ ಹತ್ತಿತು. ಊರೇ ನೆರೆದು ಎರಡು ಗಂಟೆ ಹೊತ್ತು ಘೋಷಣೆ ಕೂಗಿತು. ಆಗ ಜನರನ್ನು ಸಮಾಧಾನ ಮಾಡಲು ಎದ್ದು ನಿಂತ ಪಟ್ಟಣದ ಅಧಿಕಾರಿ, ಅವನೇನು ಕ್ರೈಸ್ತನಲ್ಲ, ಪೌಲನ ಸಂಗಡಿಗರ ಬಗ್ಗೆ ಹೇಳಿದ್ದಿಷ್ಟು: ಇವರು ಗುಡಿ ದೋಚಿದವರಲ್ಲ, ನಮ್ಮ ದೇವಿಯನ್ನು ಬೈದವರೂ ಅಲ್ಲ. ಬೈಬಲಿನ ಅಪೊಸ್ತಲರ ಕೃತ್ಯಗಳು 19:37.

ಬೇರೆ ಧರ್ಮದವರ ಜೊತೆ ಹೇಗಿರಬೇಕು ಅಂತ ಕೇಳಿದರೆ ನಮ್ಮ ಕ್ರೈಸ್ತರು ಸಾಮಾನ್ಯವಾಗಿ 1 ಪೇತ್ರ 3:15 ತೆಗೆಯುತ್ತಾರೆ. ಉತ್ತರ ಕೊಡಲು ಸಿದ್ಧರಾಗಿರಿ, ಆದರೆ ಸಾತ್ವಿಕವಾಗಿ ಕೊಡಿ ಅನ್ನುವ ವಚನ. ಒಳ್ಳೆಯದೇ. ಆದರೆ ಸಾತ್ವಿಕವಾಗಿದ್ದೆವೋ ಇಲ್ಲವೋ ಅಂತ ನಮಗೆ ನಾವೇ ಮಾರ್ಕ್ಸ್ ಕೊಟ್ಟುಕೊಳ್ಳಬಹುದು. ಎಫೆಸದಲ್ಲಿ ಮಾರ್ಕ್ಸ್ ಕೊಟ್ಟವನು ಆಚೆ ಕಡೆಯವನು. ಮಂಡ್ಯ, ಮೈಸೂರು ಕಡೆ ಪಕ್ಕದ ಮನೆಯವರು ನಮ್ಮ ಬಗ್ಗೆ ಅಷ್ಟು ಸಾಕ್ಷಿ ಹೇಳುತ್ತಾರಾ ಅನ್ನುವುದೇ ಲೆಕ್ಕ.

ಮಂಡ್ಯ ಕಡೆಯ ಹಳ್ಳಿಯಲ್ಲಿ ಈ ಪ್ರಶ್ನೆ ಎದುರಾಗುವುದು ಚರ್ಚೆಯಲ್ಲಲ್ಲ, ಎಲೆಯ ಮುಂದೆ. ಮಾರಿಹಬ್ಬ, ತಂಬಿಟ್ಟಿನ ಆರತಿ, ಮರಿ ಕಡಿಯುವುದು, ಆಮೇಲೆ ನೆಂಟರಿಷ್ಟರಿಗೆಲ್ಲ ಬಾಡೂಟ. ಕೊರಿಂಥದ ಸಭೆಗೆ ಬರೆದ ಮೊದಲ ಪತ್ರದಲ್ಲಿ ಪೌಲ ಹೇಳಿದ್ದು ಹೆಚ್ಚುಕಮ್ಮಿ ಇದೇ ಊಟದ ಬಗ್ಗೆ. ವಿಗ್ರಹ ಏನೂ ಅಲ್ಲ, ಊಟ ನಮ್ಮನ್ನು ದೇವರ ಹತ್ತಿರಕ್ಕೂ ಒಯ್ಯಲ್ಲ, ದೂರಕ್ಕೂ ತಳ್ಳಲ್ಲ ಅನ್ನುತ್ತದೆ 8ನೇ ಅಧ್ಯಾಯ. ಕರೆದರೆ ಹೋಗಿ, ಬಡಿಸಿದ್ದನ್ನು ವಿಚಾರಿಸದೆ ತಿನ್ನಿ, ಆದರೆ ಇದು ಬಲಿಯದು ಅಂತ ಯಾರಾದರೂ ಹೇಳಿದರೆ ಹೇಳಿದವನ ಮನಸ್ಸಾಕ್ಷಿಗೋಸ್ಕರ ಬಿಡಿ ಅನ್ನುತ್ತದೆ 10ನೇ ಅಧ್ಯಾಯ. ಮಾರಿಹಬ್ಬದ ಬಾಡು ಬಲಿಯದು ಅಂತ ಹೇಳುವುದಕ್ಕೆ ಯಾರೂ ಬೇಕಿಲ್ಲ, ಊರಿಗೇ ಗೊತ್ತು. ಹಾಗಾಗಿ ಒಂದೇ ಪತ್ರ ಓದಿ ಒಬ್ಬರು ಉಣ್ಣುತ್ತಾರೆ, ಇನ್ನೊಬ್ಬರು ಬಿಡುತ್ತಾರೆ. ಎರಡಕ್ಕೂ ಆಧಾರವಿದೆ. ಉಣ್ಣುವವರು ಬಿಟ್ಟವರನ್ನು ಮಡಿವಂತರು ಅಂತಲೂ, ಬಿಟ್ಟವರು ಉಂಡವರನ್ನು ಕೆಟ್ಟುಹೋದವರು ಅಂತಲೂ ಅನ್ನದಿದ್ದರೆ ಸಾಕು.

ಕೆಡುವುದು ಬೇರೆ ಕಡೆ. ಅದೇ 10ನೇ ಅಧ್ಯಾಯದಲ್ಲಿ ದೆವ್ವಗಳ ಮೇಜು ಅನ್ನುವ ಕಟುವಾದ ಮಾತೂ ಇದೆ. ಅದು ಸಭೆಯೊಳಗಿನವರಿಗೆ ಬರೆದ ಕಾಗದ. ಅದನ್ನು ಎತ್ತಿಕೊಂಡು ಹೋಗಿ ಊಟಕ್ಕೆ ಕರೆದ ಯಜಮಾನನ ಮುಂದೆ ಓದುವವರಿದ್ದಾರೆ. ಪೌಲ ಯಾವ ಯಜಮಾನನಿಗೂ ಹಾಗೆ ಹೇಳಿದ ದಾಖಲೆಯಿಲ್ಲ. ಅಥೇನೆಯಲ್ಲಿ ವಿಗ್ರಹಗಳನ್ನು ಕಂಡು ಅವನ ಮನಸ್ಸು ಕುದಿಯಿತು ಅಂತ ಬರೆದಿದೆ. ಬಾಯಿಂದ ಬಂದದ್ದು ಮಾತ್ರ ‘ನೀವು ಬಹಳ ದೈವಭಕ್ತಿಯುಳ್ಳವರು’ ಅಂತ.

ಹೇಳುವ ಕ್ರಮ ಹೀಗಿರಲಿ. ಬರಲ್ಲ, ತಿನ್ನಲ್ಲ ಅನ್ನುವುದನ್ನು ಹಬ್ಬದ ದಿನಕ್ಕೆ ಉಳಿಸಿಕೊಳ್ಳಬೇಡಿ, ಕರೆಯಲು ಬಂದ ದಿನವೇ ಹೇಳಿ. ‘ಊಟಕ್ಕೆ ಬತ್ತೀವಿ ಕಣಣ್ಣ, ಪೂಜೆ ಹೊತ್ತಿಗೆ ಬರಾಕಾಗಲ್ಲ, ತಪ್ಪು ತಿಳ್ಕಬ್ಯಾಡ’ ಅಂದರೆ ಯಾರೂ ಮುನಿಸಿಕೊಳ್ಳಲ್ಲ. ಬಾಡು ಬೇಡದವರು ‘ಅನ್ನ ಮಜ್ಜಿಗೆ ಹಾಕಿಸಿಬುಡಣ್ಣ’ ಅನ್ನಲಿ. ಮುನ್ನಾದಿನ ಶಾಮಿಯಾನ ಕಟ್ಟಲು, ಪಾತ್ರೆ ಹೊರಲು ಕೈಜೋಡಿಸಿದವನ ಮಾತಿಗೆ ತೂಕ ಜಾಸ್ತಿ. ಬತ್ತೀನಿ ಅಂತ ಒಪ್ಪಿಕೊಂಡು, ಆ ದಿನ ಫೋನ್ ಆಫ್ ಮಾಡಿಕೊಳ್ಳುವುದಿದೆಯಲ್ಲ, ಅದಕ್ಕಿಂತ ದೊಡ್ಡ ಅವಮಾನ ಇಲ್ಲ.

ಮೈಸೂರಿನಲ್ಲಿ ಗೊಂಬೆ ಹಬ್ಬದ್ದೂ ಇದೇ ಪಾಡು. ಗೊಂಬೆ ನೋಡಿ ಹೊರಡುವಾಗ ಮನೆಯಾಕೆ ಅರಿಶಿನ ಕುಂಕುಮದ ಬಟ್ಟಲು ಹಿಡಿದು ಬರುತ್ತಾರೆ. ಬೆರಳು ಹಣೆಯ ಹತ್ತಿರ ಬಂದಾಗ ತಲೆ ಹಿಂದಕ್ಕೆಳೆದುಕೊಂಡರೆ ಅವರಿಗೆ ಅದು ನಮ್ಮ ನಂಬಿಕೆಯಾಗಿ ಕಾಣಲ್ಲ, ಅಪಶಕುನವಾಗಿ ಕಾಣುತ್ತದೆ. ಬಟ್ಟಲು ಕೈಗೆ ಬರುವ ಮುಂಚೆಯೇ, ಸಾಧ್ಯವಾದರೆ ಅಡುಗೆಮನೆಯಲ್ಲಿ ಒಬ್ಬರೇ ಇದ್ದಾಗ, ‘ಅಕ್ಕಾ, ನಾನು ಕುಂಕುಮ ಇಟ್ಕೊಳ್ಳಲ್ಲ, ಎಲೆ ಅಡಿಕೆ ಹಣ್ಣು ಕೊಡಿ’ ಅಂದುಬಿಡಿ. ಕುಂಕುಮ ಇಟ್ಟುಕೊಳ್ಳುವ ಕ್ರೈಸ್ತರೂ ಇದ್ದಾರೆ, ಅವರನ್ನು ಅಲ್ಲೇ ತಿದ್ದಲು ಹೋಗಬೇಡಿ. ಆಯುಧಪೂಜೆಯದು ಸುಲಭ: ನಿಮ್ಮ ಮೆಷಿನ್ ನೀವೇ ತೊಳೆದು ಒರೆಸಿ, ಬೂದುಗುಂಬಳ ಒಡೆಯುವಾಗ ಪಕ್ಕದಲ್ಲಿ ನಿಲ್ಲಿ, ಕಡ್ಲೆಪುರಿ ತಿನ್ನುವುದೋ ಬಿಡುವುದೋ ನಿಮ್ಮ ಮನಸ್ಸಾಕ್ಷಿಗೆ ಬಿಟ್ಟದ್ದು.

ನಮ್ಮದನ್ನು ಅವರಿಗೆ ಕೊಡಲಾಗದು ಅನ್ನುವ ಸರದಿಯೂ ಬರುತ್ತದೆ. ಕೆ.ಆರ್. ನಗರ ತಾಲ್ಲೂಕಿನ ದೋರ್ನಹಳ್ಳಿಯಲ್ಲಿ ಜೂನ್ 13ರ ಸಂತ ಅಂತೋಣಿಯವರ ಹಬ್ಬಕ್ಕೆ ಹರಕೆ ಹೊತ್ತು ಬರುವವರಲ್ಲಿ ಹಿಂದೂಗಳೂ ಮುಸ್ಲಿಮರೂ ಇರುತ್ತಾರೆ. ಚರ್ಚಿನ ಬಲಿಪೂಜೆಯಲ್ಲಿ, ಅಂದರೆ ಮಾಸ್‌ನಲ್ಲಿ, ಕೊಡುವ ರೊಟ್ಟಿಗೆ ನಾವೇ ‘ಪರಮಪ್ರಸಾದ’ ಅಂತ ಹೆಸರಿಟ್ಟಿದ್ದೇವೆ. ಪ್ರಸಾದ ಅಂದಮೇಲೆ ಯಾರು ಬೇಕಾದರೂ ಸಾಲಿನಲ್ಲಿ ಬಂದು ಕೈಚಾಚುವುದು ಸಹಜ. ಕಥೋಲಿಕ ನಿಯಮದಲ್ಲಿ ಅದನ್ನು ಅವರಿಗೆ ಕೊಡುವಂತಿಲ್ಲ. ಸಾಲಿನ ತುದಿಯಲ್ಲಿ, ಎಲ್ಲರೆದುರು, ಚಾಚಿದ ಕೈ ತಳ್ಳುವುದು ತಪ್ಪು. ಸಾಲು ಶುರುವಾಗುವ ಮೊದಲೇ ಮೈಕಿನಲ್ಲಿ ಹೇಳಬೇಕು: ‘ದೀಕ್ಷಾಸ್ನಾನ ಆಗದವರು ಕೈಗಳನ್ನು ಎದೆಯ ಮೇಲೆ ಕಟ್ಟಿಕೊಂಡು ಬನ್ನಿ, ಗುರುಗಳು ಆಶೀರ್ವಾದ ಕೊಡುತ್ತಾರೆ.’ ನಮ್ಮ ಪ್ರಸಾದ ನಿಮಗಿಲ್ಲ, ಬೇಜಾರು ಮಾಡಿಕೊಳ್ಳಬೇಡಿ ಅಂತ ನಾವು ಅವರನ್ನು ಕೇಳಿಕೊಳ್ಳುತ್ತೇವೆ. ನಿಮ್ಮ ಪ್ರಸಾದ ನಮಗೆ ಬೇಡ ಅನ್ನುವಾಗ ಅವರಿಗೆ ಎಷ್ಟು ಚುಚ್ಚುತ್ತದೆ ಅಂತ ಅಲ್ಲಿಂದಲೇ ಅಂದಾಜು ಮಾಡಬಹುದು.

ಇನ್ನು ಬಿಸಿ ಮಾತುಗಳು. ‘ನೀವೆಲ್ಲ ಮತಾಂತರ ಮಾಡೋರಂತೆ?’ ಅನ್ನುವ ಪ್ರಶ್ನೆಗೆ ಸಿಟ್ಟಿನಿಂದ ಸಂವಿಧಾನ ತೋರಿಸುವವರು ಅರ್ಧ ಮಾತ್ರ ತೋರಿಸುತ್ತಾರೆ. 25ನೇ ವಿಧಿ ಧರ್ಮ ಆಚರಿಸುವ, ಪ್ರಚಾರ ಮಾಡುವ ಹಕ್ಕು ಕೊಡುತ್ತದೆ, ನಿಜ. ಪ್ರಚಾರ ಅಂದರೆ ತನ್ನ ಧರ್ಮದ ತತ್ವ ವಿವರಿಸುವುದು, ಇನ್ನೊಬ್ಬರನ್ನು ಮತಾಂತರಿಸುವ ಹಕ್ಕು ಅದರಲ್ಲಿ ಸೇರಿಲ್ಲ ಅಂತ 1977ರಲ್ಲಿ ಸ್ಟಾನಿಸ್ಲಾಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದೂ ನಿಜ. ಎರಡನ್ನೂ ಹೇಳಿ. ಹಳೆಯ ಮಿಷನರಿ ಕರಪತ್ರಗಳು ಇಲ್ಲಿನ ದೇವರುಗಳನ್ನು ಹಂಗಿಸಿದ್ದನ್ನೂ ಒಪ್ಪಿಕೊಳ್ಳಿ. ಜೊತೆಗೆ ಶ್ರೀರಂಗಪಟ್ಟಣದ ಗಂಜಾಂ ಕಡೆಗೂ ಕೈ ತೋರಿಸಿ. 1799ರ ಯುದ್ಧವಾದ ಮೇಲೆ ಅಲ್ಲಿಗೆ ಬಂದ ಫ್ರೆಂಚ್ ಪಾದ್ರಿ ಅಬ್ಬೆ ದುಬೋಯಿ ಇಲ್ಲಿನವರಂತೆಯೇ ಉಟ್ಟು ಉಂಡು, ಸಿಡುಬಿನ ಲಸಿಕೆ ಹಾಕಿಸಲು ದುಡಿದರು. ಹಿಂದೂಗಳನ್ನು ಮತಾಂತರಿಸುವ ಆಸೆ ಕೈಗೂಡುವಂಥದ್ದಲ್ಲ ಅಂತ 1823ರಲ್ಲಿ ಅಚ್ಚು ಹಾಕಿಸಿಯೇ ಬರೆದರು. ಕೇಳಿದವರಿಗೆ ಇದು ಹೊಸ ಸುದ್ದಿ. ನಮ್ಮವರಿಗೂ ಅಷ್ಟೇ.

ಶ್ರೀರಂಗಪಟ್ಟಣ ಅಂದಮೇಲೆ ಟಿಪ್ಪು ವಿಷಯ ಬಂದೇ ಬರುತ್ತದೆ, ಕ್ರೈಸ್ತರನ್ನು ಸಾಕ್ಷಿಕಟ್ಟೆಗೆ ಎಳೆಯುವವರೂ ಬರುತ್ತಾರೆ. 1784ರಲ್ಲಿ ಮಂಗಳೂರು ಕಡೆಯ ಕಥೋಲಿಕರನ್ನು ಸೆರೆಹಿಡಿದು ಇಲ್ಲಿಗೆ ನಡೆಸಿಕೊಂಡು ಬಂದದ್ದು ನಡೆದ ಸಂಗತಿ. ಎಷ್ಟು ಜನ ಅನ್ನುವುದು ಒಂದೊಂದು ಮೂಲದಲ್ಲಿ ಒಂದೊಂದು ಥರ, ಹಾಗಾಗಿ ದೊಡ್ಡ ಸಂಖ್ಯೆಯನ್ನೇ ಆರಿಸಿಕೊಳ್ಳಬೇಡಿ. 1791ರಲ್ಲಿ ಮರಾಠರ ದಂಡು ಶೃಂಗೇರಿ ಮಠವನ್ನು ಲೂಟಿ ಮಾಡಿದಾಗ ಟಿಪ್ಪು ನೆರವು ಕಳಿಸಿದ್ದೂ ನಡೆದ ಸಂಗತಿ. ಸುಳ್ಳುಸಾಕ್ಷಿ ಹೇಳಬೇಡ ಅನ್ನುವ ಆಜ್ಞೆ ಅರ್ಧಸಾಕ್ಷಿಗೂ ಅನ್ವಯಿಸುತ್ತದೆ. 1784ರ ಲೆಕ್ಕವನ್ನು ಇವತ್ತು ಮೈಸೂರಿನ ಮಂಡಿ ಮೊಹಲ್ಲಾದ ಮುಸ್ಲಿಂ ಅಂಗಡಿಯವನ ಹತ್ತಿರ ವಸೂಲಿ ಮಾಡಲು ನಮ್ಮ ಹೆಸರು ಬಳಸಿದರೆ, ‘ನಮ್ಮ ಹೆಸರಲ್ಲಿ ಬೇಡ ಸ್ವಾಮಿ’ ಅನ್ನಿ.

ವಾಟ್ಸಾಪ್‌ನಲ್ಲಿ ಯೇಸುಸ್ವಾಮಿಯ ಬಗ್ಗೆ ಕೊಂಕು ಬಂದರೆ ಆ ರಾತ್ರಿ ಉತ್ತರ ಬೇಡ. ಬೆಳಿಗ್ಗೆ, ಕಳಿಸಿದವರಿಗೆ ಮಾತ್ರ, ನಾಲ್ಕು ಸಾಲು: ಇದು ಎಲ್ಲಿಂದ ಬಂತು, ಇದರಲ್ಲಿ ಯಾವುದು ಸರಿಯಿದೆ, ಯಾವುದು ತಪ್ಪು, ಸಿಕ್ಕಿ ಮಾತಾಡೋಣವಾ. ವಚನ ಅಂಟಿಸಬೇಡಿ, ಕೇಳಿದರೆ ಕೊಡಿ. ಅಥೇನೆಯಲ್ಲಿ ಕೆಲವರು ನಕ್ಕಾಗ ಪೌಲ ಬೆನ್ನು ಹತ್ತಲಿಲ್ಲ, ಎದ್ದು ಹೊರಟ.

ಕಷ್ಟವಾದದ್ದು ನಮ್ಮದೇ ಪ್ರಾರ್ಥನಾ ಗುಂಪಿನಲ್ಲಿ ಚಾಮುಂಡಿಯನ್ನೋ ಮಾರಮ್ಮನನ್ನೋ ಹಂಗಿಸುವ ವಿಡಿಯೊ ಬಂದಾಗ. ಅಲ್ಲಿ ಎಲ್ಲರೂ ಮೌನ. ಬೇರೆಯವರ ಧಾರ್ಮಿಕ ಭಾವನೆಯನ್ನು ಬೇಕಂತಲೇ, ದುರುದ್ದೇಶದಿಂದ ಕೆರಳಿಸಿದರೆ ಭಾರತೀಯ ನ್ಯಾಯ ಸಂಹಿತೆಯ 299ನೇ ಕಲಮಿನಲ್ಲಿ ಮೂರು ವರ್ಷದವರೆಗೆ ಜೈಲಿದೆ. ಆದರೆ ಆ ಭಯ ತೋರಿಸುವುದಕ್ಕಿಂತ ಅದೇ ಗುಂಪಿನಲ್ಲಿ, ಎಲ್ಲರಿಗೂ ಕಾಣುವ ಹಾಗೆ, ‘ಬ್ರದರ್, ಇದನ್ನ ತೆಗೀರಿ. 19:37 ಓದಿ’ ಅಂತ ಬರೆಯುವುದು ಮೇಲು. ತೆಗೆಯದಿದ್ದರೆ ಸಭಾಪಾಲಕರಿಗೆ ಫೋನ್ ಮಾಡಿ. ಕಳಿಸಿದವರೇ ಸಭಾಪಾಲಕರಾಗಿದ್ದರೆ, ಭಾನುವಾರದ ಆರಾಧನೆ ಮುಗಿದ ಮೇಲೆ ಬೈಬಲ್ ಹಿಡಿದುಕೊಂಡೇ ಎದುರಿಗೆ ಕೂತುಕೊಳ್ಳಿ.