ಫೇಲಾದವರು ಎಲ್ಲಿಗೆ ಹೋಗ್ತಾರೆ?

ಮಗಳು ಕಳೆದ ವಾರದಿಂದ ಕಾಲೇಜಿಗೆ ಹೋಗುತ್ತಿದ್ದಾಳೆ. ಯಾವ ಕಾಲೇಜು ಅಂತ ಊರಲ್ಲಿ ಅರ್ಧ ಜನಕ್ಕೆ ಇನ್ನೂ ಹೇಳಿಲ್ಲ. ಹೇಳದೆ ಇದ್ದದ್ದು ನಾನು. ಅವಳಿಗೆ ಇದರಲ್ಲಿ ನಾಚಿಕೆ ಅಂತ ಏನೂ ಇಲ್ಲ.

ಕತೆ ಶುರುವಾದದ್ದು 2025ರ ಏಪ್ರಿಲ್‌ನಲ್ಲಿ. ಅವಳು ಆಸೆಪಟ್ಟ ಯುನಿವರ್ಸಿಟಿಗಳೆಲ್ಲ ಒಂದೊಂದಾಗಿ 'ಕ್ಷಮಿಸಿ' ಅಂದವು. ಸೀಟು ಕೊಟ್ಟದ್ದು ಒಂದು ಖಾಸಗಿ ಕಾಲೇಜು ಮಾತ್ರ. ಅದರ ಫೀಸು ಕೇಳಿ ನನ್ನ ಹೆಂಡತಿ ಕೈಯಲ್ಲಿದ್ದ ಚಾ ಲೋಟ ಮೇಜಿನ ಮೇಲಿಟ್ಟಳು. ಮನೆಯಲ್ಲಿ ಎರಡು ದಿನ ಸಾವಿನ ಮನೆಯ ಮೌನ. ಮೂರನೇ ದಿನ ಮಗಳೇ, ದೋಸೆ ತಿನ್ನುತ್ತಾ, "ನಾನು ಡಿ ಆಂಜಾಕ್ಕೆ ಹೋಗ್ತೇನೆ. ಎರಡು ವರ್ಷ ಬಿಟ್ಟು ಟ್ರಾನ್ಸ್‌ಫರ್ ಆಗ್ತೇನೆ" ಅಂದಳು. ಚಟ್ನಿ ಸ್ವಲ್ಪ ಹಾಕು ಅನ್ನುವ ಧಾಟಿಯಲ್ಲೇ.

ಡಿ ಆಂಜಾ ನಮ್ಮ ಮನೆಯಿಂದ ಹತ್ತು ನಿಮಿಷದ ದಾರಿ. ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದ ಕ್ಯುಪರ್ಟಿನೊದಲ್ಲಿರುವ ಕಮ್ಯುನಿಟಿ ಕಾಲೇಜು, ಅಂದರೆ ಎರಡು ವರ್ಷ ಓದಿಸುವ ಸರಕಾರಿ ಕಾಲೇಜು. ಹದಿನೆಂಟು ತುಂಬಿದ ಯಾರು ಬೇಕಾದರೂ ಸೇರಬಹುದು. ಮಾರ್ಕ್ಸ್ ಕೇಳುವುದಿಲ್ಲ. ಯಾರು ಬೇಕಾದರೂ ಸೇರಬಹುದು ಅನ್ನುವುದೇ ನನಗೆ ಚುಚ್ಚಿದ ಮಾತು. ನಮ್ಮೂರಿನ ಲೆಕ್ಕದಲ್ಲಿ ಎಲ್ಲರಿಗೂ ಸಿಗುವ ಕಾಲೇಜು ಅಂದರೆ ಎಲ್ಲಿಯೂ ಸಿಗದವರ ಕಾಲೇಜು, ಅಲ್ವಾ?

ಅದೇ ವಾರ ಊರಲ್ಲಿ ದ್ವಿತೀಯ ಪಿಯುಸಿ ಫಲಿತಾಂಶ ಬಂತು. ಫ್ಯಾಮಿಲಿ ಗ್ರೂಪಿನಲ್ಲಿ ಹಬ್ಬ. ಉಡುಪಿ ರಾಜ್ಯಕ್ಕೆ ಮೊದಲು, ಶೇಕಡಾ 93.90. ದಕ್ಷಿಣ ಕನ್ನಡ ಎರಡನೇದು, 93.57. ಹಿಂದಿನ ವರ್ಷ ನಾವು ಮೊದಲು, ಉಡುಪಿಯವರು ಎರಡನೇದು. ಈ ಒಂದು ವಿಷಯದಲ್ಲಿ ನಮ್ಮ ಎರಡು ಜಿಲ್ಲೆಗಳದ್ದು ಅಣ್ಣ ತಮ್ಮಂದಿರ ಜಗಳ. ಮೂರನೆಯವರಿಗೆ ಜಾಗ ಬಿಡುವುದು ಕಷ್ಟ. ನಾನೂ ಒಂದು ಚಪ್ಪಾಳೆ ಹಾಕಿ, ಮಗಳಿಗೆ ಫೋನ್ ತೋರಿಸಿದೆ. ಹೆಮ್ಮೆಯಿಂದಲೇ ತೋರಿಸಿದ್ದು.

ಅವಳು ನೋಡಿದಳು. "ಉಳಿದವರು?" ಅಂದಳು.

"ಉಳಿದವರು ಅಂದ್ರೆ?"

"ನೂರರಲ್ಲಿ ತೊಂಬತ್ತನಾಲ್ಕು ಪಾಸು. ಉಳಿದ ಆರು ಜನ? ಫೇಲಾದವರು ಎಲ್ಲಿಗೆ ಹೋಗ್ತಾರೆ?"

"ಬೊಂಬಾಯಿಗೆ" ಅಂದುಬಿಟ್ಟೆ. ಯೋಚನೆ ಮಾಡಿ ಹೇಳಿದ್ದಲ್ಲ. ಬಾಯಿಗೆ ಬಂತು.

ತಮಾಷೆ ಅಂದುಕೊಂಡು ಅವಳು ನಕ್ಕಳು.

ನನ್ನ ಅಣ್ಣ ಪಿಯುಸಿಯಲ್ಲಿ ಫೇಲಾದದ್ದು 1989ರಲ್ಲಿ. ಗಣಿತದಲ್ಲಿ 28. ಆಗ ಪಾಸಿಗೆ 35 ಬೇಕಿತ್ತು. ನಮ್ಮ ಮನೆ ಸುರತ್ಕಲ್ ಹತ್ತಿರ. ಹೆದ್ದಾರಿಯ ಎರಡೂ ಬದಿಗೆ ಇಂಜಿನಿಯರಿಂಗ್ ಕಾಲೇಜು, ಕೆಆರ್‌ಇಸಿ. ಈಗ ಎನ್‌ಐಟಿಕೆ ಅನ್ನುತ್ತಾರೆ. 1960ರಲ್ಲಿ ಸಂಸದ ಶ್ರೀನಿವಾಸ ಮಲ್ಯರು ಹಟ ಹಿಡಿದು ತಂದ ಕಾಲೇಜು. ಅಲ್ಲಿಗೆ ಬಿಹಾರದಿಂದ, ಆಂಧ್ರದಿಂದ ಹುಡುಗರು ಬರುತ್ತಿದ್ದರು. ಸಂಜೆ ಸಮುದ್ರದ ಬದಿಯಲ್ಲಿ ನಾವು ಅವರ ಜೊತೆ ಕ್ರಿಕೆಟ್ ಆಡುತ್ತಿದ್ದೆವು. ಅಣ್ಣ ಒಳ್ಳೆಯ ಬೌಲರ್. ಹಾಗಾಗಿ ಆ ಕಾಲೇಜಿನ ಮೈದಾನ ಅವನಿಗೆ ಗೊತ್ತಿತ್ತು, ಕ್ಯಾಂಟೀನ್ ಗೊತ್ತಿತ್ತು. ಕ್ಲಾಸು ಮಾತ್ರ ಗೊತ್ತಿರಲಿಲ್ಲ.

ಸೆಪ್ಟೆಂಬರ್‌ನಲ್ಲಿ ಮತ್ತೆ ಬರೆದ. ಮತ್ತೆ ಹೋಯಿತು. ಅಪ್ಪ ಬೈಯಲಿಲ್ಲ, ಮಾತಾಡುವುದನ್ನೇ ಬಿಟ್ಟರು. ದೀಪಾವಳಿ ಕಳೆದ ಮೇಲೆ ಅಣ್ಣ ಒಂದು ಬ್ಯಾಗು, ಅಮ್ಮ ಕಟ್ಟಿಕೊಟ್ಟ ಒಂದು ಡಬ್ಬಿ ಉಪ್ಪಿನಕಾಯಿ ಹಿಡಿದುಕೊಂಡು ಬೊಂಬಾಯಿ ಬಸ್ಸು ಹತ್ತಿದ. ಆಗ ಕೊಂಕಣ ರೈಲು ಇನ್ನೂ ಆಗಿರಲಿಲ್ಲ. ದೂರದ ಸಂಬಂಧಿಕರ ಹೋಟೆಲಿನಲ್ಲಿ ಕೆಲಸ. ನಮ್ಮ ಕಡೆ ಇದೇನೂ ಹೊಸ ಸಂಗತಿ ಅಲ್ಲ. ಪ್ರತಿ ಮನೆಯಲ್ಲೂ ಹೀಗೆ ಒಬ್ಬ ಹೋದವನಿದ್ದ. ಸರಕಾರ ಕಟ್ಟದ ಕಾಲೇಜನ್ನು ಉಡುಪಿ ಹೋಟೆಲಿನವರು ನಡೆಸುತ್ತಿದ್ದರು ಅಂತ ಈಗ ನನಗೆ ಅನಿಸುತ್ತದೆ. ಪ್ರವೇಶಕ್ಕೆ ಮಾರ್ಕ್ಸ್ ಬೇಡ, ಊಟ ವಸತಿ ಉಚಿತ, ಡಿಗ್ರಿ ಮಾತ್ರ ಇಲ್ಲ.

ನನ್ನ ಕತೆ ಬೇರೆ ಆಯಿತು. 1994ರಲ್ಲಿ ಸಿಇಟಿ ಶುರುವಾಯಿತಲ್ಲ, ನಮ್ಮದು ಅದರ ಮೊದಲ ಬ್ಯಾಚು. ಫ್ರೀ ಸೀಟು, ಪೇಮೆಂಟ್ ಸೀಟು ಅನ್ನುವ ಪದ ಆಗ ಎಲ್ಲರ ಬಾಯಲ್ಲಿ. ನನಗೆ ಫ್ರೀ ಸೀಟು ಸಿಕ್ಕಿತು, ಮೆಕ್ಯಾನಿಕಲ್. ಒಂದು ವರ್ಷ ಮೊದಲು ಹುಟ್ಟಿದ್ದರೆ ಸಿಗುತ್ತಿತ್ತೋ ಇಲ್ಲವೋ. ಆಗ ಇಂಜಿನಿಯರಿಂಗಿಗೆ ವಿಟಿಯು ಅಂತ ಬೇರೆ ವಿಶ್ವವಿದ್ಯಾನಿಲಯ ಇರಲಿಲ್ಲ. ಸರ್ಟಿಫಿಕೇಟಿನ ಮೇಲೆ ಮಂಗಳೂರು ವಿಶ್ವವಿದ್ಯಾನಿಲಯದ ಮುದ್ರೆ. ಅದನ್ನು ತರಲು ಕೊಣಾಜೆ ಗುಡ್ಡ ಹತ್ತಿದ ದಿನ ಎಂಥ ಬಿಸಿಲು ಮಾರ್ರೆ! ಆ ಕಾಗದ ನನ್ನನ್ನು ಇಲ್ಲಿವರೆಗೆ ತಂದಿತು. ಅಣ್ಣನಿಗೂ ನನಗೂ ನಡುವೆ ಇದ್ದದ್ದು ಬುದ್ಧಿಯ ವ್ಯತ್ಯಾಸ ಅಲ್ಲ. ಏಳು ಮಾರ್ಕಿನ ವ್ಯತ್ಯಾಸ.

ಆಗಸ್ಟ್‌ನಲ್ಲಿ ಡಿ ಆಂಜಾದಲ್ಲಿ ಹೊಸ ಮಕ್ಕಳಿಗೆ ಓರಿಯೆಂಟೇಷನ್ ಇತ್ತು. ಅಪ್ಪ ಅಮ್ಮಂದಿರೂ ಬರಬಹುದು ಅಂದಿದ್ದರು, ಹೋದೆ. ಹಿಂದಿನ ಸಾಲಿನಲ್ಲಿ ಕೂತೆ, ಪರಿಚಯದವರು ಯಾರಾದರೂ ಕಂಡಾರು ಅಂತ. ನನ್ನ ಪಕ್ಕ ನರೆಗೂದಲಿನ ಒಬ್ಬರು ಕೂತಿದ್ದರು. ನಿಮ್ಮ ಮಗುವಾ, ಮೊಮ್ಮಗುವಾ ಅಂತ ಕೇಳಿದೆ. "ನಾನೇ" ಅಂದರು.

ಸಲಹೆಗಾರ್ತಿ ಬೋರ್ಡಿನ ಮೇಲೆ ಮೂರು ಪೆಟ್ಟಿಗೆ ಬರೆದರು. ಮೇಲೆ ಯುನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾ, ಚುಟುಕಾಗಿ ಯುಸಿ. ನಡುವೆ ಸ್ಟೇಟ್ ಯುನಿವರ್ಸಿಟಿ. ಕೆಳಗೆ ಕಮ್ಯುನಿಟಿ ಕಾಲೇಜು. ಕೆಳಗಿನ ಪೆಟ್ಟಿಗೆಯಿಂದ ಮೇಲಿನ ಎರಡಕ್ಕೂ ಬಾಣ. "ಇದು 1960ರ ಚಿತ್ರ" ಅಂದರು. 1960 ಅಂದಾಗ ನನ್ನ ಕಿವಿ ನೆಟ್ಟಗಾಯಿತು. ನಮ್ಮ ಸುರತ್ಕಲ್ ಕಾಲೇಜಿನ ವಯಸ್ಸು.

ಮನೆಗೆ ಬಂದು ಆ ಚಿತ್ರದ ಕತೆ ಓದಿದೆ. ಎರಡನೇ ಮಹಾಯುದ್ಧ ಮುಗಿಸಿ ಬಂದ ಸೈನಿಕರ ಮಕ್ಕಳು ಕಾಲೇಜಿನ ವಯಸ್ಸಿಗೆ ಬರುವ ಹೊತ್ತು. ಇಷ್ಟು ಜನಕ್ಕೆ ಜಾಗ ಎಲ್ಲಿ ಅಂತ ರಾಜ್ಯಕ್ಕೆ ಚಿಂತೆ. ಜೊತೆಗೆ ನಮಗೆಲ್ಲ ಚೆನ್ನಾಗಿ ಗೊತ್ತಿರುವ ಒಂದು ರೋಗ. ಪ್ರತಿ ಶಾಸಕನಿಗೂ ತನ್ನ ಕ್ಷೇತ್ರಕ್ಕೆ ಒಂದು ಕಾಲೇಜು ಬೇಕು. ಟರ್ಲಾಕ್ ಅನ್ನುವ ಊರಲ್ಲಿ ಹಾಗೆ ಮಂಜೂರಾದ ಕಾಲೇಜು 1960ರಲ್ಲಿ ಜಾತ್ರೆ ಮೈದಾನದಲ್ಲಿ ಶುರುವಾಯಿತು. ಆ ಊರು ಟರ್ಕಿ ಕೋಳಿಗೆ ಹೆಸರುವಾಸಿ. ಮಕ್ಕಳು ಕಾಲೇಜಿಗೆ 'ಟರ್ಕಿ ಟೆಕ್' ಅಂತ ಹೆಸರಿಟ್ಟರು. ಇದನ್ನು ಓದಿ ಒಬ್ಬನೇ ನಕ್ಕೆ.

ಆಗ ಕ್ಲಾರ್ಕ್ ಕೆರ್ ಅನ್ನುವವರು ಯುನಿವರ್ಸಿಟಿಯ ಅಧ್ಯಕ್ಷರು. ಅವರ ಮುಂದಾಳತ್ವದಲ್ಲಿ ಒಂದು ಮಾಸ್ಟರ್ ಪ್ಲಾನ್ ತಯಾರಾಯಿತು. ಶಾಲೆ ಮುಗಿಸಿದವರಲ್ಲಿ ಮೇಲಿನ ಎಂಟನೇ ಒಂದು ಭಾಗಕ್ಕೆ ಮೊದಲ ಪೆಟ್ಟಿಗೆ. ಮೇಲಿನ ಮೂರನೇ ಒಂದು ಭಾಗಕ್ಕೆ ಎರಡನೇದು. ಮೂರನೇದು ಎಲ್ಲರಿಗೂ. ಇಷ್ಟೇ ಆಗಿದ್ದರೆ ಇದು ಬರೀ ಮೇಲು ಕೀಳಿನ ಪಟ್ಟಿ. ಆದರೆ ಇನ್ನೊಂದು ಮಾತು ಸೇರಿಸಿದರು. ಮೇಲಿನ ಎರಡು ಪೆಟ್ಟಿಗೆಗಳಲ್ಲಿ ಮೊದಲೆರಡು ವರ್ಷದ ಮಕ್ಕಳು ನೂರಕ್ಕೆ ನಲವತ್ತು, ಕೊನೆಯ ಎರಡು ವರ್ಷದ ಮಕ್ಕಳು ಅರವತ್ತು ಇರಬೇಕು. ಯಾಕೆ? ಕೆಳಗಿನಿಂದ ಬರುವವರಿಗೆ ಕುರ್ಚಿ ಖಾಲಿ ಇರಬೇಕಲ್ಲ, ಅದಕ್ಕೆ. ಮದುವೆ ಊಟದಲ್ಲಿ ತಡವಾಗಿ ಬರುವವರಿಗೂ ಎಲೆ ಹಾಕಿಡುವ ಹಾಗೆ. ಏಳು ಮಾರ್ಕು ಕಡಿಮೆಯಾದವನನ್ನು ನೆನೆದು ಯಾರೋ ಲೆಕ್ಕ ಹಾಕಿ ಕುರ್ಚಿ ಇಟ್ಟಿದ್ದಾರೆ ಅನಿಸಿತು. ಓದುತ್ತಾ ಗಂಟಲು ಸ್ವಲ್ಪ ಕಟ್ಟಿದ್ದು ಅಲ್ಲೇ.

ಹಾಗಂತ ಇದೇನು ಸ್ವರ್ಗ ಅಲ್ಲ. ಆ ಪ್ಲಾನಿನಲ್ಲಿ ರಾಜ್ಯದ ಮಕ್ಕಳಿಗೆ ಟ್ಯೂಷನ್ ಇಲ್ಲ ಅಂತಲೇ ಇತ್ತು. ಆ ಮಾತು ಉಳಿಯಲಿಲ್ಲ. ಈಗ ಯುನಿವರ್ಸಿಟಿಯ ಫೀಸು, ಬಾಡಿಗೆ ಎಲ್ಲ ಸೇರಿದರೆ ಮಧ್ಯಮ ವರ್ಗದವರ ಬೆನ್ನು ಮುರಿಯುತ್ತದೆ. ಟ್ರಾನ್ಸ್‌ಫರ್ ಆಗುತ್ತೇನೆ ಅಂತ ಸೇರಿ ನಡುವೆ ಬಿಟ್ಟವರು ಬೇಕಾದಷ್ಟು. ಕಾರಿನಲ್ಲಿ ಮಲಗಿ ಕ್ಲಾಸಿಗೆ ಬರುವ ಮಕ್ಕಳೂ ಇದ್ದಾರೆ. ಸ್ವತಃ ಕೆರ್ ಅವರನ್ನು 1967ರಲ್ಲಿ, ರೇಗನ್ ಗವರ್ನರ್ ಆದ ಕೆಲವೇ ವಾರಗಳಲ್ಲಿ, ಕೆಲಸದಿಂದ ತೆಗೆದರು. ಮನುಷ್ಯ ಹೋದ. ಚಿತ್ರ ಉಳಿಯಿತು. ಸರಕಾರ ಎಷ್ಟು ಬದಲಾದರೂ ಆ ಮೂರು ಪೆಟ್ಟಿಗೆ, ಆ ಬಾಣ ಹಾಗೇ ಇವೆ. ಇವತ್ತು ಹತ್ತು ಯುಸಿ ಕ್ಯಾಂಪಸ್, 116 ಕಮ್ಯುನಿಟಿ ಕಾಲೇಜು. ಪಾಠವನ್ನು ಇಲ್ಲಿ ಯುನಿಟ್ ಲೆಕ್ಕದಲ್ಲಿ ಅಳೆಯುತ್ತಾರೆ. ಡಿ ಆಂಜಾದಲ್ಲಿ ಒಂದು ಯುನಿಟ್‌ಗೆ 31 ಡಾಲರ್ ಫೀಸು. ಮಗಳು ಸರಿಯಾಗಿ ಓದಿದರೆ ಆರು ಯುಸಿ ಕ್ಯಾಂಪಸ್‌ಗಳು ಸೀಟು ಖಾತರಿ ಅಂತ ಮೊದಲೇ ಬರೆದುಕೊಡುತ್ತವೆ. ಹೆಸರಾಂತ ಬರ್ಕ್ಲಿ ಕ್ಯಾಂಪಸ್ ಆ ಆರರಲ್ಲಿ ಇಲ್ಲ. ಇಲ್ಲದಿದ್ದರೂ ಪರವಾಗಿಲ್ಲ ಅಂತ ಈಗ ಹೇಳಬಲ್ಲೆ. ಏಪ್ರಿಲ್‌ನಲ್ಲಿ ಹೇಳುತ್ತಿರಲಿಲ್ಲ.

ಊರಿನ ಸುದ್ದಿ ಓದುವಾಗ ಹೊಟ್ಟೆ ಉರಿಯುವುದು ಈ ಉಳಿಯುವ ವಿಷಯಕ್ಕೆ. 2021ರಲ್ಲಿ ನಾಲ್ಕು ವರ್ಷದ ಡಿಗ್ರಿ ಬಂತು. 2024ರಲ್ಲಿ ಮತ್ತೆ ಮೂರು ವರ್ಷ. ನನ್ನ ತಂಗಿಯ ಮನೆಯಲ್ಲಿ ಅಕ್ಕನದ್ದು ಒಂದು ಪದ್ಧತಿ, ತಮ್ಮನದ್ದು ಇನ್ನೊಂದು. ಇಬ್ಬರೂ ಓದುವುದು ಒಂದೇ ಕಾಲೇಜಿನಲ್ಲಿ. ಮಂಗಳೂರು ವಿಶ್ವವಿದ್ಯಾನಿಲಯದಿಂದ ಕೊಡಗನ್ನು ಬಿಡಿಸಿ 2023ರಲ್ಲಿ ಹೊಸ ವಿಶ್ವವಿದ್ಯಾನಿಲಯ ಮಾಡಿದರು. ಎರಡೇ ವರ್ಷದಲ್ಲಿ, ಅಂಥ ಒಂಬತ್ತು ಹೊಸ ವಿಶ್ವವಿದ್ಯಾನಿಲಯಗಳನ್ನು ಮುಚ್ಚುವುದು ಒಳ್ಳೆಯದು ಅಂತ ಸಂಪುಟದ ಉಪಸಮಿತಿಯೇ ಹೇಳಿತು. ಟರ್ಕಿ ಟೆಕ್‌ಗೂ ಇಷ್ಟು ಬೇಗ ಮುಚ್ಚುವ ಮಾತು ಬಂದಿರಲಿಕ್ಕಿಲ್ಲ. 2025ರ ಆಗಸ್ಟ್‌ನಲ್ಲಿ ಸರಕಾರ ನೇಮಿಸಿದ ಥೋರಟ್ ಆಯೋಗ ರಾಜ್ಯದ್ದೇ ಶಿಕ್ಷಣ ನೀತಿಯ ವರದಿ ಕೊಟ್ಟಿದೆ. ವರದಿ ಚೆನ್ನಾಗಿರಬಹುದು. ಮುಂದಿನ ಸರಕಾರ ಬಂದ ಮೇಲೂ ಅದು ಮೇಜಿನ ಮೇಲೆ ಇರುತ್ತದಾ ಅನ್ನುವುದು ನನ್ನ ಪ್ರಶ್ನೆ.

ನಮ್ಮಲ್ಲಿ ಬಾಗಿಲೇ ಇಲ್ಲ ಅಂದರೆ ತಪ್ಪಾಗುತ್ತದೆ. ಮಂಗಳೂರು ಕದ್ರಿಯ ಕೆಪಿಟಿ ಪಾಲಿಟೆಕ್ನಿಕ್ 1946ರಿಂದ ಉಂಟು. ಅಲ್ಲಿ ಡಿಪ್ಲೊಮಾ ಮುಗಿಸಿದವರು ನೇರ ಇಂಜಿನಿಯರಿಂಗಿನ ಎರಡನೇ ವರ್ಷಕ್ಕೆ ಬರುತ್ತಾರೆ. ನಮ್ಮ ಕ್ಲಾಸಿಗೂ ಹಾಗೆ ಇಬ್ಬರು ಬಂದಿದ್ದರು. ಅವರನ್ನು 'ಡಿಪ್ಲೊಮಾದವರು' ಅಂತ ಒಂದು ಕೈ ದೂರ ಇಟ್ಟಿದ್ದೆವು. ಲೇತ್ ಮುಂದೆ ನಿಂತಾಗ, ಮೆಷಿನ್ ಡ್ರಾಯಿಂಗ್ ಸಬ್ಮಿಷನ್ ಬಂದಾಗ ಮಾತ್ರ ಅವರ ರೂಮಿನ ಮುಂದೆ ಕ್ಯೂ. ಬಾಗಿಲು ಇತ್ತು. ಅದರಲ್ಲಿ ಬಂದವರಿಗೆ ಹಿಂಬಾಗಿಲಿನಿಂದ ಬಂದವರು ಅಂತ ನಾವೇ ಚೀಟಿ ಅಂಟಿಸಿದ್ದೆವು. ಪಿಯುಸಿಯಲ್ಲೂ 2024ರಲ್ಲಿ ಒಂದೇ ವರ್ಷದಲ್ಲಿ ಮೂರು ಪರೀಕ್ಷೆ ಬರೆಯಬಹುದು ಅಂತ ಮಾಡಿದರಂತೆ. ಹೆಚ್ಚು ಬಂದ ಮಾರ್ಕೇ ಲೆಕ್ಕಕ್ಕೆ. ಅದು ಒಳ್ಳೆಯದಾಯಿತು. ಅಣ್ಣನಿಗೆ ಮೂವತ್ತೈದು ವರ್ಷ ತಡವಾಯಿತು, ಅಷ್ಟೆ.

ಮೊನ್ನೆ ಭಾನುವಾರ ಅಣ್ಣನಿಗೆ ಫೋನ್ ಮಾಡಿದೆ. ಅವನು ಈಗ ಡೊಂಬಿವಲಿಯಲ್ಲಿದ್ದಾನೆ. ಸ್ವಂತ ಕ್ಯಾಂಟೀನ್, ಸ್ವಂತ ಫ್ಲ್ಯಾಟು. ಮಗಳ ಕಾಲೇಜಿನ ವಿಷಯ ಅವನಿಗೂ ಹೇಳಿರಲಿಲ್ಲ. ಹೇಳೋಣ ಅಂತ ನಾನು ಸುತ್ತಿ ಬಳಸಿ ಮಾತು ತರುವಷ್ಟರಲ್ಲಿ ಮಗಳೇ ಫೋನ್ ಕಿತ್ತುಕೊಂಡಳು. ಸ್ಪೀಕರ್ ಹಾಕಿದಳು.

"ದೊಡ್ಡಪ್ಪ, ಊರಲ್ಲಿ ಪಿಯುಸಿ ಫೇಲಾದವರು ಬೊಂಬಾಯಿಗೆ ಹೋಗ್ತಾರೆ ಅಂತ ಅಪ್ಪ ಹೇಳಿದ್ರು. ಹೌದಾ?"

ನನಗೆ ನೆಲ ಬಾಯಿಬಿಡಬಾರದಾ ಅನಿಸಿತು. ಆಚೆ ಬದಿಯಲ್ಲಿ ಪಾತ್ರೆಯ ಸದ್ದು. ಆಮೇಲೆ ಅಣ್ಣನ ದೊಡ್ಡ ನಗು.

"ಹೌದು ಮಗಾ. ಹಗಲು ಹೋಟೆಲಿಗೆ ಹೋಗ್ತಾರೆ. ರಾತ್ರಿ ಕಾಲೇಜಿಗೆ ಹೋಗ್ತಾರೆ."

ರಾತ್ರಿ ಕಾಲೇಜಾ? ಬೊಂಬಾಯಿಯಲ್ಲಿ ಹೋಟೆಲ್ ಹುಡುಗರಿಗೆ ಕನ್ನಡ ರಾತ್ರಿ ಶಾಲೆಗಳಿದ್ದದ್ದು ನನಗೆ ಗೊತ್ತಿತ್ತು. ಅಣ್ಣ ಹೋದದ್ದು ಗೊತ್ತಿರಲಿಲ್ಲ. ಏಳು ಗಂಟೆಗೆ ಗಲ್ಲಾ ಬೇರೆಯವರಿಗೆ ಬಿಟ್ಟು, ಎಣ್ಣೆ ವಾಸನೆಯ ಶರ್ಟಿನಲ್ಲೇ ಹೋಗುತ್ತಿದ್ದನಂತೆ. 1996ರಲ್ಲಿ ಹನ್ನೆರಡನೇ ಕ್ಲಾಸು ಪಾಸಾದನಂತೆ. ಕಾಮರ್ಸ್. ಗಣಿತವೂ ಇತ್ತಂತೆ.

"ಎಷ್ಟು ಬಂತು?" ಅಂತ ಮಗಳು ಕೇಳಿದಳು.

"ಅರವತ್ತೊಂದು."

"ಮನೆಗೆ ಯಾಕೆ ಹೇಳಲಿಲ್ಲ?" ಇದು ನಾನು.

"ಆಗ ನೀನು ಇಂಜಿನಿಯರಿಂಗ್ ಎರಡನೇ ವರ್ಷ" ಅಂದ. "ಇಪ್ಪತ್ನಾಲ್ಕನೇ ವಯಸ್ಸಿಗೆ ಪಿಯುಸಿ ಪಾಸಾದೆ ಅಂತ ಅಪ್ಪನಿಗೆ ಪತ್ರ ಬರೆಯಲಾ? ಬಿಡು."

ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಮಗಳು ತನ್ನ ಕಾಲೇಜಿನ ವಿಷಯ ಶುರು ಮಾಡಿದಳು. ಮೂರು ಪೆಟ್ಟಿಗೆ, ಬಾಣ, ಓರಿಯೆಂಟೇಷನ್‌ನಲ್ಲಿ ಅಪ್ಪನ ಪಕ್ಕ ಕೂತಿದ್ದ ನರೆಗೂದಲಿನವರು ಈಗ ತನ್ನ ಸ್ಟ್ಯಾಟಿಸ್ಟಿಕ್ಸ್ ಕ್ಲಾಸಿನಲ್ಲೇ ಇರುವುದು, ಎಲ್ಲ ಹೇಳಿದಳು. ಅಣ್ಣ ಹೂಂ ಹೂಂ ಅಂತ ಕೇಳಿಸಿಕೊಂಡ.

"ಅವರಿಗೆ ಎಷ್ಟು ವಯಸ್ಸು ಅಂದೆ?"

"ಅರವತ್ತು ಮೇಲೆ ಇರಬೇಕು ದೊಡ್ಡಪ್ಪ."

"ಲೆಕ್ಕ ಸರಿಯಾಗಿ ಮಾಡ್ತಾರಾ?"

"ನನಗಿಂತ ಚೆನ್ನಾಗಿ ಮಾಡ್ತಾರೆ."

"ಹಾಗಾದ್ರೆ ಅವರ ಪಕ್ಕ ಕೂತ್ಕೋ" ಅಂದ ಅಣ್ಣ. ಗಿರಾಕಿ ಬಂದರು ಅಂತ ಫೋನ್ ಇಟ್ಟ.