15 ಸೆಂಟಿಲೀಟರ್ ಅಂದರೆ ಒಂದು ಪೆಗ್: ಬೆಲ್ಜಿಯಂನ ಬಿಯರ್ ಹಬ್ಬಕ್ಕೆ ಹೋಗುವವರಿಗೆ

ಬೆಲ್ಜಿಯಂನ ಜಿಥೋಸ್ ಬಿಯರ್ ಹಬ್ಬ ವರ್ಷಗಳ ಕಾಲ ಲ್ಯೂವೆನ್ ಊರಂಚಿನ ಬ್ರಬಾಂಟ್‌ಹಾಲ್‌ನಲ್ಲಿ ಏಪ್ರಿಲ್ ಕೊನೆಯ ಹೊತ್ತಿಗೆ ನಡೆಯುತ್ತಿತ್ತು. ಈಗಿನ ಜಾಗ, ದಿನಾಂಕ ಹೊರಡುವ ಮೊದಲು ನೋಡಿಕೊಳ್ಳಿ. ನಡೆಸುವುದು ಅಲ್ಲಿನ ಬಿಯರ್ ಪ್ರಿಯರ ಸಂಘ, ಕಂಪನಿಗಳಲ್ಲ. ಸಣ್ಣ ದೊಡ್ಡ ಬ್ರೂವರಿಗಳ ನೂರಾರು ಬಗೆಯ ಬಿಯರ್ ಒಂದೇ ಸೂರಿನಡಿ ಸಿಗುತ್ತದೆ. ಗ್ಲಾಸಿಗೆ ಠೇವಣಿ ಕಟ್ಟಿ, ಟೋಕನ್ ಕೊಂಡು ಮಳಿಗೆಯ ಮುಂದೆ ಗ್ಲಾಸ್ ಒಡ್ಡಿದರೆ 15 ಸೆಂಟಿಲೀಟರ್, ಅಂದರೆ 150 ಎಂಎಲ್ ಸುರಿಯುತ್ತಾರೆ. ಲ್ಯೂವೆನ್ ವಿಶ್ವವಿದ್ಯಾಲಯದಲ್ಲಿ ಓದುವ, ಅಲ್ಲಿನ ಚಿಪ್ ಸಂಶೋಧನಾ ಕೇಂದ್ರ ಐಮೆಕ್‌ನಲ್ಲಿ ಕೆಲಸ ಮಾಡುವ ಕನ್ನಡಿಗರಿಗೆ ಇದು ಕೈಗೆಟುಕುವ ಹಬ್ಬ. ಗ್ಲಾಸ್ ಪುಟ್ಟದಾಗಿ ಕಾಣುವುದರಿಂದ ಹೊಸಬರು ಎಡವುವುದೂ ಅಲ್ಲೇ.

ಲೆಕ್ಕ ಹಾಕಿ ನೋಡಿ. 150 ಎಂಎಲ್ ಬಿಯರ್‌ನಲ್ಲಿ ಶೇ 10 ಆಲ್ಕೊಹಾಲ್ ಇದ್ದರೆ, ತೂಕದಲ್ಲಿ ಅದು ಸುಮಾರು 12 ಗ್ರಾಂ. ನಮ್ಮೂರ ಬಾರಿನಲ್ಲಿ ಅಳೆದು ಕೊಡುವ 30 ಎಂಎಲ್ ವಿಸ್ಕಿಯಲ್ಲಿ, ಶೇ 42.8ರ ಲೆಕ್ಕದಲ್ಲಿ, ಸುಮಾರು 10 ಗ್ರಾಂ ಇರುತ್ತದೆ. ಅಂದರೆ ಆ ಪುಟ್ಟ ಗ್ಲಾಸ್ ಒಂದು ಸಣ್ಣ ಪೆಗ್‌ಗಿಂತ ಸ್ವಲ್ಪ ಹೆಚ್ಚೇ. ಒಬ್ಬರೇ ಹತ್ತು ಗ್ಲಾಸ್ ಮುಗಿಸಿದರೆ 118 ಗ್ರಾಂ ಆಲ್ಕೊಹಾಲ್ ಒಳಗೆ ಹೋಗುತ್ತದೆ. ಶೇ 8ರ ಸ್ಟ್ರಾಂಗ್ ಬಿಯರ್‌ನ 650 ಎಂಎಲ್ ಬಾಟಲಿಯಲ್ಲಿರುವುದು 41 ಗ್ರಾಂ, ಹಾಗಾಗಿ ಇದು ಹೆಚ್ಚುಕಡಿಮೆ ಮೂರು ಬಾಟಲಿಗೆ ಸಮ. ಲಿವರ್ ಗಂಟೆಗೆ ಅರಗಿಸಿಕೊಳ್ಳುವುದು 7ರಿಂದ 10 ಗ್ರಾಂ ಮಾತ್ರ. ಕಾಫಿ ಕುಡಿದರೂ ತಣ್ಣೀರು ಮುಖಕ್ಕೆ ಎರಚಿಕೊಂಡರೂ ಆ ವೇಗ ಹೆಚ್ಚುವುದಿಲ್ಲ.

ಭಾರತದಲ್ಲಿ ಬಿಯರ್ ಅನ್ನಿಸಿಕೊಳ್ಳಲು ಶೇ 8ರ ಮಿತಿ ಇದೆ. ಬೆಲ್ಜಿಯಂನಲ್ಲಿ ಅಂಥ ಮಿತಿ ಇಲ್ಲ. ರೋಷ್‌ಫೋರ್ 10 ಶೇ 11.3, ಬುಷ್ ಆಂಬ್ರೆ ಶೇ 12, ಸಿಂಟ್ ಬರ್ನಾರ್ಡಸ್ ಆಬ್ಟ್ 12 ಶೇ 10. ಇವು ಗಟಗಟ ಕುಡಿಯುವ ಬಿಯರ್‌ಗಳಲ್ಲ.

ಅದಕ್ಕೇ ನಾಲ್ಕು ಜನ ಸೇರಿ ಹೋಗಬೇಕು. ಒಬ್ಬರು ಒಂದು ಬಿಯರ್ ತಂದು ನಾಲ್ಕು ಗ್ಲಾಸಿಗೂ ಹಂಚಿದರೆ ತಲಾ 37 ಎಂಎಲ್ ಬರುತ್ತದೆ. ಎರಡು ಸಲ ಮೂಸಿ ಮೂರು ಗುಟುಕು ಕುಡಿಯಲು ಅಷ್ಟು ಧಾರಾಳ. ಈ ಲೆಕ್ಕದಲ್ಲಿ ಶೇ 10ರ ಹನ್ನೆರಡು ಬಿಯರ್ ರುಚಿ ನೋಡಿದರೂ ಒಬ್ಬೊಬ್ಬರಿಗೆ 35 ಗ್ರಾಂ, ಒಂದು ಸ್ಟ್ರಾಂಗ್ ಬಾಟಲಿಗಿಂತ ಕಡಿಮೆ. ಅದನ್ನು ನಾಲ್ಕೈದು ಗಂಟೆಗೆ ಹರಡಿಕೊಂಡರೆ ಕೊನೆಯ ಬಿಯರ್ ಹೊತ್ತಿಗೂ ನಾಲಿಗೆ ಚುರುಕಾಗಿರುತ್ತದೆ. ಯಾರೂ ಬಾಯಿ ಇಡುವ ಮೊದಲೇ ಸುರಿದುಕೊಳ್ಳಿ. ಎಂಜಲಿನ ಮಾತು ಹಾಗಿರಲಿ, ಫ್ರೈಸ್ ತಿಂದ ತುಟಿಯ ಎಣ್ಣೆ ತಾಗಿದರೆ ನೊರೆ ಸತ್ತುಹೋಗುತ್ತದೆ, ನೊರೆಯ ಜೊತೆ ಮೇಲೇಳುವ ಪರಿಮಳವೂ ಕಡಿಮೆಯಾಗುತ್ತದೆ. ಪ್ರತಿ ಬಿಯರ್ ಆದಮೇಲೆ ಗ್ಲಾಸ್ ನೀರಲ್ಲಿ ತೊಳೆದು, ಕೊಡವಿ, ತಳದಲ್ಲಿ ನೀರು ನಿಲ್ಲದ ಹಾಗೆ ನೋಡಿಕೊಳ್ಳಿ. 37 ಎಂಎಲ್‌ಗೆ ಒಂದು ಚಮಚ ನೀರು ಬೆರೆತರೂ ರುಚಿ ತೆಳುವಾಗುತ್ತದೆ.

ಯಾವುದರ ನಂತರ ಯಾವುದು ಅನ್ನುವುದು ಇನ್ನೂ ಮುಖ್ಯ. ಕಡಿಮೆ ಶೇಕಡಾದಿಂದ ಹೆಚ್ಚಿಗೆ ಏರಿ ಅನ್ನುವ ಸಲಹೆ ಎಲ್ಲ ಕಡೆ ಸಿಗುತ್ತದೆ. ನನಗೆ ಅದು ಪೂರ್ತಿ ಸರಿ ಕಾಣುವುದಿಲ್ಲ. ನಾಲಿಗೆಯನ್ನು ಕಟ್ಟಿಹಾಕುವುದು ಆಲ್ಕೊಹಾಲ್ ಒಂದೇ ಅಲ್ಲ. ಹುರಿದ ಮಾಲ್ಟ್ (ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ), ಹೊಗೆ, ಸಿಹಿ, ಹಾಪ್ಸ್ ಎಂಬ ಹೂವಿನ ಕಹಿ, ಎಲ್ಲವೂ ಕಟ್ಟಿಹಾಕುತ್ತವೆ. ಜರ್ಮನಿಯ ಬಾಂಬರ್ಗ್ ಊರಿನ ಶೈಲಿಯ ಹೊಗೆಯಾಡಿಸಿದ ಮಾಲ್ಟಿನ ಬಿಯರ್ ಬರೀ ಶೇ 5 ಇರಬಹುದು. ಆದರೆ ಅದನ್ನು ಮೊದಲೇ ಕುಡಿದರೆ ಮುಂದಿನ ಮೂರು ಗ್ಲಾಸಿನಲ್ಲೂ ಹೊಗೆಯ ವಾಸನೆಯೇ ಬರುತ್ತದೆ. ನಾನು ಹೇಳುವ ಕ್ರಮ ಇದು: ಮೊದಲು ಗ್ಯೂಜ್ ಎಂಬ ಹುಳಿ ಬಿಯರ್. ಆಮೇಲೆ ಬ್ರೆಡ್, ನೀರು, ಹದಿನೈದು ನಿಮಿಷ ಬಿಡುವು. ನಂತರ ಟ್ರಿಪೆಲ್ ಎಂಬ ಹೊಂಬಣ್ಣದ ಬಲವಾದ ಬಿಯರ್‌ಗಳು, ಅವಾದ ಮೇಲೆ ಕಡು ಕಂದು ಬಣ್ಣದ, ಇನ್ನೂ ಬಲವಾದ ಕ್ವಾಡ್ರುಪೆಲ್ (ಚಿಕ್ಕದಾಗಿ ಕ್ವಾಡ್), ಬಾರ್ಲಿವೈನ್ ಎಂಬ ಬಿಯರ್‌ಗಳು. ಪೀಪಾಯಿಯಲ್ಲಿ ಮಾಗಿಸಿದ ಇಂಪೀರಿಯಲ್ ಸ್ಟೌಟ್ ಎಂಬ ಕಪ್ಪು ಬಿಯರ್ ಕೊನೆಗೆ ಬರಲಿ, ಹೊಗೆಯದು ಅದಕ್ಕೂ ಕೊನೆಗೆ. ಸಿಹಿಯಾದ ಕ್ವಾಡ್ ಕುಡಿದು ಗ್ಯೂಜ್‌ಗೆ ಹೋದರೆ ಬರೀ ಹುಳಿ ಮಾತ್ರ ಹೊಡೆಯುತ್ತದೆ, ಅದರ ಸೂಕ್ಷ್ಮ ಯಾವುದೂ ತಿಳಿಯುವುದಿಲ್ಲ. ಮೊದಲ ಗ್ಲಾಸೇ ಹುಳಿಯಾದರೆ ಆಮೇಲೆ ತೆಳುವಾದ ಗೋಧಿ ಬಿಯರ್ ಸಪ್ಪೆ ಅನ್ನಿಸುತ್ತದೆ ನಿಜ. ಆದರೆ ಅದು ಇತರ ದಿನಗಳಲ್ಲೂ ಸಿಗುತ್ತದಲ್ಲ, ಹಬ್ಬದ ದಿನ ಬಿಟ್ಟುಬಿಡಿ.

ಗ್ಯೂಜ್ ಬಗ್ಗೆ ಸ್ವಲ್ಪ ವಿವರವಾಗಿ ಹೇಳಲೇಬೇಕು, ಯಾಕೆಂದರೆ ಮೊದಲ ಗುಟುಕಿಗೇ ಬೇಡ ಅಂದುಬಿಡುವವರು ಬಹಳ. ಬ್ರಸೆಲ್ಸ್ ಸುತ್ತಮುತ್ತ ತಯಾರಾಗುವ ಲ್ಯಾಂಬಿಕ್ ಎಂಬ ಬಿಯರ್‌ಗೆ ಬ್ರೂವರ್ ಯೀಸ್ಟ್ ಹಾಕುವುದಿಲ್ಲ. ಬಾರ್ಲಿ ಮಾಲ್ಟಿಗೆ ಮೂರನೇ ಒಂದು ಪಾಲಿನಷ್ಟು ಹಸಿ ಗೋಧಿ ಸೇರಿಸಿ ತೆಗೆದ ರಸವನ್ನು ಗಂಟೆಗಟ್ಟಲೆ ಕುದಿಸುತ್ತಾರೆ. ಬಳಸುವ ಹಾಪ್ಸ್ ವರ್ಷಗಟ್ಟಲೆ ಹಳೆಯದು, ಕಹಿ ಇಳಿದುಹೋಗಿ ಕೆಡದಂತೆ ಕಾಯುವ ಗುಣ ಮಾತ್ರ ಉಳಿದಿರುತ್ತದೆ. ಕುದಿಸಿದ ರಸವನ್ನು ಅಗಲವಾದ ತೆರೆದ ತೊಟ್ಟಿಯಲ್ಲಿ ರಾತ್ರಿಯಿಡೀ ಆರಲು ಬಿಟ್ಟರೆ ಗಾಳಿಯಲ್ಲಿರುವ ಸೂಕ್ಷ್ಮಜೀವಿಗಳು ಬಂದು ಕೂರುತ್ತವೆ. ಬೇಸಿಗೆಯಲ್ಲಿ ಬೇಡದ ಬ್ಯಾಕ್ಟೀರಿಯಾ ಜಾಸ್ತಿ, ಅದಕ್ಕೇ ಈ ಕೆಲಸ ಚಳಿಗಾಲಕ್ಕೆ ಮೀಸಲು. ಮರದ ಪೀಪಾಯಿಯಲ್ಲಿ ಒಂದು, ಎರಡು, ಮೂರು ವರ್ಷ ಮಾಗಿದ ಲ್ಯಾಂಬಿಕ್‌ಗಳನ್ನು ಹದವಾಗಿ ಬೆರೆಸಿ ಬಾಟಲಿಗೆ ತುಂಬಿದರೆ, ಎಳೆಯದರಲ್ಲಿ ಉಳಿದ ಸಕ್ಕರೆ ಬಾಟಲಿಯೊಳಗೇ ಹುದುಗಿ ಗ್ಯಾಸ್ ಹುಟ್ಟುತ್ತದೆ. ಅದೇ ಗ್ಯೂಜ್. ಲೇಬಲ್ ಮೇಲೆ 'ಔಡೆ' ಎಂದಿರುವುದನ್ನೇ ಕೇಳಿ ತೆಗೆದುಕೊಳ್ಳಿ. ಸಿಹಿ ಬೆರೆಸದ ಅಸಲಿ ಗ್ಯೂಜ್‌ಗೆ ಮಾತ್ರ ಆ ಹೆಸರು. ಬೂನ್, ಕಾಂಟಿಯೊನ್, ಡ್ರೀ ಫಾಂಟೇನೆನ್ ಹೆಸರಾಂತ ತಯಾರಕರು.

ಕುಡಿಯುವಾಗ ಹುಳಿ ಹೇಗೆ ತಾಗುತ್ತದೆ ಗಮನಿಸಿ. ನಾಲಿಗೆಯ ಮೇಲೆ ಚುರುಕ್ ಎಂದು ಬಾಯಲ್ಲಿ ನೀರೂರಿಸಿದರೆ ಅದು ಲ್ಯಾಕ್ಟಿಕ್ ಆಮ್ಲ, ಮೊಸರಿನಲ್ಲಿರುವುದೂ ಅದೇ. ಗಂಟಲು ಹಿಡಿದು ಕೆಮ್ಮು ಬರಿಸಿದರೆ ವಿನೆಗರ್‌ನ ಅಸಿಟಿಕ್ ಆಮ್ಲ ಹೆಚ್ಚಾಗಿದೆ. ಗುಟುಕು ನುಂಗಿ, ಬಾಯಿ ಮುಚ್ಚಿ, ಮೂಗಿನಿಂದ ಉಸಿರು ಬಿಡಿ. ಆಗ ಏಳುವ ಒಣಹುಲ್ಲು, ಚರ್ಮ, ದನದ ಕೊಟ್ಟಿಗೆಯ ವಾಸನೆ ಬ್ರೆಟ್ಟನೊಮೈಸಿಸ್ ಎಂಬ ಯೀಸ್ಟ್‌ನದು. ಗ್ಯೂಜ್‌ನಲ್ಲಿ ಅದು ಇರಲೇಬೇಕು. ನೇಲ್ ಪಾಲಿಶ್ ವಾಸನೆ ಮೂಗಿಗೆ ರಾಚಿದರೆ ಮಾತ್ರ ದೋಷ.

ಕ್ವಾಡ್‌ನ ವಿಷಯ ಬೇರೆ. ಇದಕ್ಕೆ ಹಾಕುವ ಕ್ಯಾಂಡಿ ಸಿರಪ್, ಬೀಟ್ ಸಕ್ಕರೆಯನ್ನು ಕಾಯಿಸಿ ಮಾಡಿದ ಕಪ್ಪು ಪಾಕ, ನೋಡಲು ಮಲೆನಾಡಿನ ಜೋನಿ ಬೆಲ್ಲದ ಹಾಗೇ. ಅದರ ಸಕ್ಕರೆಯನ್ನು ಯೀಸ್ಟ್ ಬಹುತೇಕ ತಿಂದು ಮುಗಿಸುತ್ತದೆ, ಬಣ್ಣ ಮತ್ತು ಖರ್ಜೂರದಂಥ ಪರಿಮಳ ಉಳಿಯುತ್ತದೆ. ಹಾಗಾಗಿ ಶೇ 11 ಇದ್ದರೂ ಬಾಯಿಗೆ ಹಗುರ. ಮೋಸ ಹೋಗಬೇಡಿ. ಮಳಿಗೆಯಲ್ಲಿ ತೀರಾ ತಣ್ಣಗೆ ಕೊಟ್ಟರೆ ಮೊದಲು ಸಿಹಿ, ಗ್ಯಾಸ್ ಬಿಟ್ಟು ಬೇರೇನೂ ತಿಳಿಯುವುದಿಲ್ಲ. ಗ್ಲಾಸನ್ನು ಅಂಗೈಯಲ್ಲಿ ಹಿಡಿದು ಹತ್ತು ನಿಮಿಷ ಕಾಯಿರಿ. ಉಷ್ಣತೆ 12 ಡಿಗ್ರಿ ಸೆಲ್ಸಿಯಸ್ ಆಸುಪಾಸಿಗೆ ಬಂದಾಗ ಒಣದ್ರಾಕ್ಷಿ, ಲವಂಗ, ಸುಟ್ಟ ಸಕ್ಕರೆ ಒಂದೊಂದಾಗಿ ಬಿಡಿಸಿಕೊಳ್ಳುತ್ತವೆ. ಒಂದು ಗುಟುಕು ತಣ್ಣಗಿದ್ದಾಗ, ಇನ್ನೊಂದು ಹತ್ತು ನಿಮಿಷ ಬಿಟ್ಟು: ಬಲವಾದ ಬಿಯರ್ ಅರ್ಥವಾಗುವುದು ಈ ಎರಡರ ನಡುವಿನ ವ್ಯತ್ಯಾಸದಲ್ಲಿ.

ಬಲ ಹೆಚ್ಚಿದಂತೆ ಕೆಡುವ ದಾರಿಗಳೂ ಹೆಚ್ಚು. ಸಕ್ಕರೆ ಜಾಸ್ತಿ ಇರುವ ರಸದಲ್ಲಿ ಯೀಸ್ಟ್ ಏದುಸಿರು ಬಿಡುತ್ತದೆ. ಯೀಸ್ಟ್ ಕಡಿಮೆ ಹಾಕಿದರೆ, ಹುದುಗುವಾಗ ಬಿಸಿ ಏರಿದರೆ ಫ್ಯೂಸೆಲ್ ಆಲ್ಕೊಹಾಲ್‌ಗಳು ಹುಟ್ಟಿ ಗಂಟಲು ಉರಿಯುತ್ತದೆ, ಪೇಂಟ್ ಥಿನ್ನರ್ ವಾಸನೆ ಬರುತ್ತದೆ. ಸ್ಟ್ರಾಂಗ್ ಅಂದಮೇಲೆ ಉರಿ ಇದ್ದದ್ದೇ ಅನ್ನುವುದು ತಪ್ಪು. ಒಳ್ಳೆಯ ಶೇ 12ರ ಬಿಯರ್ ಎದೆಯಲ್ಲಿ ಬೆಚ್ಚಗಾಗುತ್ತದೆ ಅಷ್ಟೆ. ಕರಗಿದ ಬೆಣ್ಣೆಯ ವಾಸನೆ ಡಯಾಸಿಟೈಲ್‌ನದು, ಹುದುಗು ಪೂರ್ತಿಯಾಗುವ ಮೊದಲೇ ಆತುರಪಟ್ಟಿದ್ದಾರೆ ಅಥವಾ ನಲ್ಲಿಯ ಪೈಪ್ ಕೊಳಕಾಗಿದೆ. ಒದ್ದೆ ರಟ್ಟಿನ ವಾಸನೆ ಆಮ್ಲಜನಕ ಸೇರಿದ್ದರ ಗುರುತು. ಅದೇ ಆಮ್ಲಜನಕ ಕಪ್ಪು ಬಿಯರ್‌ಗೆ ವರ್ಷಗಳ ಕಾಲ ನಿಧಾನವಾಗಿ ಸೇರಿದರೆ ಶೆರಿ ವೈನ್, ಒಣಹಣ್ಣಿನ ಪರಿಮಳ ಬರುತ್ತದೆ. ಅದು ಬೇಕಾದದ್ದೇ. ಸ್ಟೌಟ್ ಹುಳಿಯಾಗಿದ್ದರೆ ಬೇಕೆಂದೇ ಹಾಗೆ ಮಾಡಿದ್ದಾ ಎಂದು ಮಳಿಗೆಯಲ್ಲಿ ಕೇಳಿ. ಅಲ್ಲಿ ನಿಂತಿರುವವರು ಎಷ್ಟೋ ಸಲ ಬ್ರೂವರೇ ಆಗಿರುತ್ತಾರೆ. ಇಷ್ಟವಾಗದ್ದನ್ನು ಚೆಲ್ಲಿಬಿಡಿ. ಟೋಕನ್ ದಂಡವಾಯಿತೆಂದು ಕುಡಿದು ಮುಗಿಸುವುದರಿಂದ ಮುಂದಿನದೂ ಹಾಳು.

ಹೊಟ್ಟೆ ತುಂಬ ಊಟ ಮಾಡಿಯೇ ಹೊರಡಿ. ಆದರೆ ನೆಂಚಿಕೊಳ್ಳಲು ಖಾರದ ಮಸಾಲೆ ಕಡಲೆಬೀಜ, ಉಪ್ಪಿನಕಾಯಿ ಬೇಡವೇ ಬೇಡ. ಖಾರ, ಗ್ಯಾಸ್, ಆಲ್ಕೊಹಾಲ್ ಮೂರೂ ಒಂದೇ ಬಗೆಯ ಉರಿ ಎಬ್ಬಿಸುತ್ತವೆ, ಜೊತೆ ಸೇರಿದರೆ ರುಚಿಗೆ ಜಾಗವೇ ಇರುವುದಿಲ್ಲ. ಬ್ರೆಡ್, ಗಟ್ಟಿ ಚೀಸ್ ಸಾಕು. ಬಿಯರ್‌ನಷ್ಟೇ ನೀರನ್ನೂ ಕುಡಿಯುತ್ತಿರಿ. ಕಾರು ತರಲೇಬೇಡಿ. ಬೆಲ್ಜಿಯಂನಲ್ಲಿ ಸಾಮಾನ್ಯ ಚಾಲಕರಿಗೆ ಮಿತಿ ಲೀಟರ್ ರಕ್ತಕ್ಕೆ 0.5 ಗ್ರಾಂ, ರೈಲೇ ವಾಸಿ.

ಮೆಚ್ಚಿದ ಬಿಯರ್‌ನ ಹೆಸರು, ಶೇಕಡಾ, ಮೂರು ಪದದ ರುಚಿ ಕೂಡಲೇ ಫೋನಿನಲ್ಲಿ ಬರೆದಿಡಿ, ಊರಿಗೆ ಬಾಟಲಿ ಒಯ್ಯುವಾಗ ಬೇಕಾಗುತ್ತದೆ. ಭಾರತಕ್ಕೆ ಸುಂಕವಿಲ್ಲದೆ ತರಬಹುದಾದದ್ದು ಒಬ್ಬರಿಗೆ 2 ಲೀಟರ್, ಅಂದರೆ 33 ಸೆಂಟಿಲೀಟರ್‌ನ ಆರು ಬಾಟಲಿ ಸರಿಯಾಗಿ ಹಿಡಿಸುತ್ತವೆ. ಕ್ವಾಡ್, ಸ್ಟೌಟ್ ಒಯ್ಯಿರಿ, ಅವು ಪ್ರಯಾಣ ತಾಳುತ್ತವೆ. ಒಂದೊಂದನ್ನೂ ಪ್ಲಾಸ್ಟಿಕ್ ಕವರಿಗೆ ಹಾಕಿ, ಬಟ್ಟೆ ಸುತ್ತಿ, ಚೆಕ್-ಇನ್ ಸೂಟ್‌ಕೇಸಿನ ನಡುವೆ ಇಡಿ. ಮನೆ ತಲುಪಿದ ಮೇಲೆ ಒಂದು ವಾರ ನೆಟ್ಟಗೆ ನಿಲ್ಲಿಸಿಡಿ, ಅಲುಗಾಡಿದ ಯೀಸ್ಟ್ ಗಸಿ ತಳಕ್ಕೆ ಕೂರಬೇಕು. ನಮ್ಮ ಕಡೆಯ ಬೇಸಿಗೆಯಲ್ಲಿ ಅಡುಗೆಮನೆಯ ಶೆಲ್ಫ್ ಆಗದು, ಫ್ರಿಜ್‌ನ ಕೆಳಗಿನ ಅಂಕಣವೇ ವಾಸಿ. ಕುಡಿಯುವ ಅರ್ಧ ಗಂಟೆ ಮೊದಲು ಹೊರಗೆ ತೆಗೆದು, ಗಸಿ ಏಳದಂತೆ ಒಂದೇ ಓಟದಲ್ಲಿ ಸುರಿದು, ಕೊನೆಯ ಬೆರಳಷ್ಟನ್ನು ಬಾಟಲಿಯಲ್ಲೇ ಬಿಡಿ.