ರಾಮನವಮಿ ರಾತ್ರಿಯ ಗೆರೆ

ಪಾನಕ, ಕೋಸಂಬರಿ ಮುಗಿಸಿ ಏಳೂವರೆಗೆ ಟೆಲಿಸ್ಕೋಪ್ ಹೊತ್ತು ತಾರಸಿ ಹತ್ತಿದೆ. ಅಮ್ಮನಿಗೆ ನನ್ನ ಲೆಕ್ಕವೇ ಅರ್ಥವಾಗಲ್ಲ. "ಹುಣ್ಣಿಮೆ ದಿನ ಚಂದ್ರ ತಟ್ಟೆ ಥರ ಇರ್ತಾನೆ, ಆಗ ಆ ಕೊಳವೆ ಮುಟ್ಟಲ್ಲ. ಈ ಅರ್ಧಂಬರ್ಧ ಚಂದ್ರನಿಗೆ ಯಾಕೋ ಇಷ್ಟು ಒದ್ದಾಟ?"

ಹುಣ್ಣಿಮೆ ದಿನ ನಮಗೆ ಕಾಣುವ ಮುಖಕ್ಕೆ ಬಿಸಿಲು ನೇರ ಬೀಳುತ್ತೆ, ನೆರಳೇ ಇರಲ್ಲ. ಫ್ಲ್ಯಾಶ್ ಹೊಡೆದು ತೆಗೆದ ಮದುವೆ ಫೋಟೊ ಥರ ಎಲ್ಲ ಚಪ್ಪಟೆ. ನನಗೆ ಬೇಕಿದ್ದದ್ದು ಚಂದ್ರನ ಮೇಲಿನ ರೂಪೀಸ್ ರೆಕ್ಟಾ ಅನ್ನುವ ಗೋಡೆ. 'ಮೋಡಗಳ ಸಮುದ್ರ' ಅಂತ ಹೆಸರಿಟ್ಟಿರುವ ಲಾವಾ ಬಯಲಿನಲ್ಲಿ (ಅಲ್ಲಿ ಮೋಡವೂ ಇಲ್ಲ, ನೀರೂ ಇಲ್ಲ) ಸುಮಾರು 110 ಕಿ.ಮೀ. ಉದ್ದಕ್ಕೆ ನೆಲ ಬಿರಿದು ಒಂದು ಕಡೆ ಕುಸಿದ ಜಾಗ ಅದು. ಎತ್ತರ ಕೆಲವೇ ನೂರು ಮೀಟರ್. ಆರು ಇಂಚು ಅಗಲದ ಕನ್ನಡಿಯಿರುವ, ಕೈಯಿಂದ ತಿರುಗಿಸುವ ನನ್ನ ಡಾಬ್ಸೋನಿಯನ್ ಟೆಲಿಸ್ಕೋಪಿಗೆ ಚಂದ್ರನ ಮೇಲೆ ಒಂದೂವರೆ ಕಿಲೋಮೀಟರಿಗಿಂತ ಸಣ್ಣದು ಬಿಡಿಸಿ ಕಾಣುವುದು ಕಷ್ಟ. ಮತ್ತೆ ಇದು ಹೇಗೆ ಕಾಣುತ್ತೆ? ಅಲ್ಲಿ ಸೂರ್ಯ ಈಗಷ್ಟೇ ಹುಟ್ಟಿ ಎರಡು ಡಿಗ್ರಿ ಮೇಲೇರಿದ್ದರೆ ನೆರಳು ಎತ್ತರದ 28 ಪಟ್ಟು ಚಾಚುತ್ತೆ. ನಾನು ಹಿಡಿಯುವುದು ಗೋಡೆಯನ್ನಲ್ಲ, ಅದರ ನೆರಳನ್ನು. ಅಷ್ಟಮಿ ರಾತ್ರಿ ಆ ಜಾಗ ಸಾಮಾನ್ಯವಾಗಿ ಇನ್ನೂ ಕತ್ತಲಲ್ಲೇ ಇರುತ್ತೆ, ನವಮಿಗೆ ಬೆಳಗಾಗುತ್ತೆ. ಕೃಷ್ಣಪಕ್ಷದ ಸಪ್ತಮಿಗೆ ಬಿಸಿಲು ಆಚೆ ಬದಿಯಿಂದ ಬಂದು ಇದೇ ಕಪ್ಪು ಗೆರೆ ಬೆಳ್ಳಗೆ ಹೊಳೆಯುತ್ತೆ. ಅದಕ್ಕೆ ನಡುರಾತ್ರಿ ಏಳಬೇಕು, ನನ್ನಿಂದಾಗಿಲ್ಲ.

ಚಂದ್ರ ಹೆಚ್ಚುಕಡಿಮೆ ನೆತ್ತಿಯ ಮೇಲಿದ್ದ. ಡಾಬ್ಸೋನಿಯನ್ ಇಟ್ಟುಕೊಂಡವರಿಗೆ ಗೊತ್ತು, ನೆತ್ತಿಯ ಹತ್ತಿರ ಅದನ್ನು ತಿರುಗಿಸುವುದು ಕಪ್ಪೆ ತೂಗಿದ ಹಾಗೆ. ಮೋಟಾರಿಲ್ಲ, ಭೂಮಿ ತಿರುಗುತ್ತಲೇ ಇರುತ್ತೆ. ಎರಡು ನಿಮಿಷಕ್ಕೆ ಚಂದ್ರ ತನ್ನ ಅಗಲದಷ್ಟು ಜಾರುತ್ತಾನೆ. ಕಣ್ಣಿಟ್ಟು ನೋಡುವ ಐಪೀಸಿಗೆ ಮೊಬೈಲ್ ಬಿಗಿದು ಮೂರು ವಿಡಿಯೊ ತೆಗೆದೆ. ಮೂರೂ ಹಾಳು. ಹಗಲೆಲ್ಲ ಕಾದ ಕಾಂಕ್ರೀಟಿನ ಬಿಸಿ ಮೇಲೇಳುತ್ತಿತ್ತು, ಕುಳಿಗಳೆಲ್ಲ ಹರಿಯುವ ನೀರಿನ ತಳದ ಕಲ್ಲಿನಂತೆ ಅಲುಗಾಡುತ್ತಿದ್ದವು. ಎರಡು ಬಕೆಟ್ ನೀರು ಸುರಿದು ಒಂಬತ್ತೂವರೆವರೆಗೆ ಸುಮ್ಮನೆ ಕೂತೆ. ನೀರು ಕೆಲಸ ಮಾಡಿತೋ, ಸುಮ್ಮನೆ ಕೂತದ್ದೋ, ಹೇಳಲಾರೆ.

ನಾಲ್ಕನೆಯದು ನಲವತ್ತು ಸೆಕೆಂಡಿನ ವಿಡಿಯೊ, 1,200 ಚಿತ್ರ. ಆಟೋಸ್ಟ್ಯಾಕರ್ಟ್ ಅನ್ನುವ ಸಾಫ್ಟ್‌ವೇರಿಗೆ ಹಾಕಿ ಗಾಳಿ ತಟಸ್ಥವಾಗಿದ್ದ ಕ್ಷಣಗಳ 120 ಮಾತ್ರ ಉಳಿಸಿಕೊಂಡು ಒಂದರ ಮೇಲೊಂದು ಪೇರಿಸಿದೆ. ಬಿಡಿ ಚಿತ್ರದಲ್ಲಿ ಮಸಿ ಮೆತ್ತಿದಂತಿದ್ದದ್ದು ಸಪೂರ ಗೆರೆಯಾಯಿತು. ಪಕ್ಕದಲ್ಲಿ 17 ಕಿ.ಮೀ. ಅಗಲದ ಬರ್ಟ್ ಕುಳಿ, ಅದರ ಅಂಚಿಗೆ ಇನ್ನೊಂದು ಪುಟಾಣಿ ಕುಳಿ. ನೂರು ಕಿ.ಮೀ. ಎತ್ತರದಿಂದ ಚಂದ್ರಯಾನ-2ರ ಕ್ಯಾಮೆರಾ 25 ಸೆಂಟಿಮೀಟರಿಗೊಂದು ಚುಕ್ಕೆ ಹಿಡಿಯುತ್ತೆ; ಚಂದ್ರನ ಮೇಲೆ ನಿಂತಿದ್ದ ಚಂದ್ರಯಾನ-3ರ ವಿಕ್ರಮ್ ಲ್ಯಾಂಡರನ್ನೇ ತೋರಿಸಿತ್ತು. ಅದರ ಮುಂದೆ ನನ್ನದು ಯಾವ ಲೆಕ್ಕ? ಆದರೂ ಆ ರಾತ್ರಿ ನಾಲ್ಕು ಜನಕ್ಕೆ ವಾಟ್ಸಾಪ್ ಮಾಡಿದೆ.

ಬೆಳಗ್ಗೆ ಅಮ್ಮನಿಗೆ ತೋರಿಸಿದೆ. ಕನ್ನಡಕ ಹಾಕ್ಕೊಂಡು ನೋಡಿ, "ಕೂದಲು ಅಂಟ್ಕೊಂಡಿದೆಯಲ್ಲೋ" ಅಂತ ಸೆರಗಿನ ತುದಿಯಿಂದ ಮೊಬೈಲ್ ಎರಡು ಸಲ ಒರೆಸಿದಳು.